ರೆಕ್ಕೆಯ ಕೆಳಗಿನ ಎರಡು ವಾಷರ್

ಉಗುರು ಒಳಗೆ ಹೋಯಿತು. ಹೋಗಬಾರದಿತ್ತು.

ಅಕ್ಕ ಎಡರೆಕ್ಕೆಯ ಕೆಳಗೆ ಮಂಡಿಯೂರಿ ಕೂತಿದ್ದಳು. ಹೊರಡುವ ಮುನ್ನ ವಿಮಾನವನ್ನು ಮೂಗಿನಿಂದ ಬಾಲದವರೆಗೆ ಕೈಯಾಡಿಸಿ ನೋಡುವುದು ಅವಳ ಪಾಲಿನ ಕೆಲಸ. ರೆಕ್ಕೆಯ ಅಡಿಯಲ್ಲಿ ಬೆರಳುದ್ದದ ಒಂದು ಲೋಹದ ಮೂತಿ ಗಾಳಿಗೆ ಮುಖವೊಡ್ಡಿ ನಿಂತಿರುತ್ತದೆ. ಅದನ್ನು ಹಿಡಿದಿರುವ ಪಟ್ಟಿಗೆ ಎರಡು ಬೋಲ್ಟ್ ಹಾಕಿ ಬಿಗಿದವಳು ಅವಳೇ. ಬಿಗಿದ ದಿನ ಪಟ್ಟಿಗೂ ರೆಕ್ಕೆಗೂ ನಡುವೆ ಒಂದು ಕಾಗದ ತೂರಿಸಲೂ ಜಾಗವಿರಲಿಲ್ಲ. ಈಗ ಮುಂದಿನ ಬೋಲ್ಟಿನ ಪಕ್ಕದಲ್ಲಿ ಬೆಳಕು ಕಾಣುತ್ತಿತ್ತು.

ಟಾರ್ಚ್ ಹಿಡಿದು ನೋಡಿದಳು. ಹೊಸ ವಾಷರ್, ಎರಡು, ಒಂದರ ಮೇಲೊಂದು. ಮೂತಿ ಅಷ್ಟರಮಟ್ಟಿಗೆ ತಲೆ ತಗ್ಗಿಸಿತ್ತು.

ಅವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ಈ ಕೋಪ ಹೊಟ್ಟೆಯಿಂದ ಎದ್ದು ಬಂತು. ಯಾರು ಮಾಡಿದ್ದು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಶೆಡ್ಡಿಗೆ ಎರಡೇ ಬೀಗದಕೈ. ಒಂದು ಅವಳ ಸೊಂಟದಲ್ಲಿ, ಇನ್ನೊಂದು ತಮ್ಮನ ಜೇಬಿನಲ್ಲಿ.

ಅವಳು ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಇಪ್ಪತ್ತಾರು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸಿದವಳು, ಸರಿಯಿದ್ದದ್ದಕ್ಕೆ ತಂತಿ ಪೋಣಿಸಿ ಸೀಸದ ಸೀಲು ಒತ್ತಿದವಳು. ಸೀಲು ಮುರಿಯುವ ಕಳ್ಳ ದಡ್ಡ ಕಳ್ಳ ಎಂದು ಅವಳಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಬುದ್ಧಿವಂತ ಕಳ್ಳ ಸೀಲಿನ ತಂಟೆಗೇ ಹೋಗುವುದಿಲ್ಲ. ತಕ್ಕಡಿಯ ಒಂದು ಕಾಲಿನ ಕೆಳಗೆ ಒಂದು ಬಿಲ್ಲೆ ಇಡುತ್ತಾನೆ. ಸೀಲು ಸೀಲಿನಂತೆಯೇ ಹೊಳೆಯುತ್ತಿರುತ್ತದೆ, ಮುಳ್ಳು ಮಾತ್ರ ಸುಳ್ಳು ಹೇಳುತ್ತದೆ. ಗುಜರಿಯವನು, ಮೀನಿನವನು, ಸಿಮೆಂಟಿನವನು, ಎಲ್ಲರದ್ದೂ ಇದೇ ಆಟ. ಅವರ ಸಾಲಿನಲ್ಲಿ ಒಂದು ದಿನ ತನ್ನ ಸ್ವಂತ ತಮ್ಮನೂ ನಿಲ್ಲುತ್ತಾನೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳು ಕಾಕ್‌ಪಿಟ್ಟಿಗೆ ತಲೆ ತೂರಿಸಿ ನೋಡಿದಳು. ಡ್ಯಾಶಿನ ಕೆಳಗೆ, ಮೂತಿಯ ಅಳತೆ ಓದಿ ಎಚ್ಚರಿಸುವ ಪುಟ್ಟ ಪೆಟ್ಟಿಗೆ, ಅದರ ಎರಡು ಸ್ಕ್ರೂಗಳ ನಡುವೆ ಅವಳೇ ಒತ್ತಿದ ಸೀಲು. ಒಂದು ಗೀರೂ ಇಲ್ಲ.

ಹೊರಗೆ, ಶೆಡ್ಡಿನ ನೆರಳಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಮ್ಮ ಕೂತಿದ್ದಳು. ಎಪ್ಪತ್ತನಾಲ್ಕು ವರ್ಷ. ತಲೆಗೆ ಬಿಗಿಯಾಗಿ ಸ್ಕಾರ್ಫ್, ತೊಡೆಯ ಮೇಲೆ ಕೈಚೀಲ, ಕನ್ನಡಕಕ್ಕೆ ದಾರ. ಇನ್ನರ್ಧ ಗಂಟೆಯಲ್ಲಿ ಮಗನ ಪಕ್ಕ ಕೂತು ಆಕಾಶಕ್ಕೆ ಹೋಗಬೇಕಾದವಳು. ಸೀಟುಗಳ ದಿಂಬು ಹೊಲಿದುಕೊಟ್ಟ ದಿನದಿಂದ ಇದೊಂದನ್ನೇ ಕೇಳುತ್ತಾ ಬಂದಿದ್ದಳು.

ಆ ವಿಮಾನಕ್ಕೆ ಒಂಬತ್ತು ವರ್ಷ ಹಿಡಿದಿತ್ತು. ತಮ್ಮ ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಬೇರೆಯವರ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡಿ, ಸಂಜೆ ಮತ್ತು ರಜಾದಿನ ಈ ಶೆಡ್ಡಿನಲ್ಲಿ ಕೂತು ನಕ್ಷೆ ನೋಡಿ ನೋಡಿ ಕಟ್ಟಿದ್ದ. ಹನ್ನೊಂದು ಸಾವಿರ ರಿವೆಟ್ಟಿನಲ್ಲಿ ಅರ್ಧಕ್ಕೆ ಅಕ್ಕ ಕೈ ಜೋಡಿಸಿದ್ದಳು. ಅವನು ಹೊಡೆದರೆ ಅವಳು ಹಿಂದೆ ಕಬ್ಬಿಣ ಒತ್ತಿ ಹಿಡಿಯಬೇಕು. ಅವಳ ಎಡ ಹೆಬ್ಬೆರಳ ಉಗುರು ಎರಡು ಸಲ ಕಪ್ಪಾಗಿ ಉದುರಿ ಮತ್ತೆ ಬೆಳೆದಿತ್ತು.

ರೆಕ್ಕೆಯ ಕೆಳಗೆ ಆ ಮೂತಿ ಬೇಕೇ ಬೇಕು ಎಂದು ಹಟ ಹಿಡಿದವಳು ಅವಳೇ. ತಮ್ಮನಿಗೆ ಹಾರುವುದನ್ನು ಕಲಿಸಿದ ಮೇಷ್ಟ್ರು ಅದನ್ನು ಅವಳಿಗೆ ಒಂದೇ ಮಾತಿನಲ್ಲಿ ತಿಳಿಸಿದ್ದರು. ಗಾಳಿಯಲ್ಲಿ ಪ್ಲೈವುಡ್ ಹಲಗೆ ಹೊತ್ತು ನಡೆದಿದ್ದೀಯಲ್ಲ, ಸ್ವಲ್ಪ ಓರೆಯಾದರೆ ಹಲಗೆ ನಿನ್ನನ್ನು ಎತ್ತುತ್ತದೆ, ಜಾಸ್ತಿ ಓರೆಯಾದರೆ ನಿನ್ನನ್ನೇ ಕೆಡವುತ್ತದೆ, ರೆಕ್ಕೆಯದೂ ಅದೇ ಕಥೆ ಎಂದಿದ್ದರು. ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಒಂದು ಮಿತಿ ದಾಟಿತೆಂದರೆ ಗಾಳಿ ಕೈಬಿಡುತ್ತದೆ. ಅದಕ್ಕೆ ಸ್ಟಾಲ್ ಎನ್ನುತ್ತಾರೆ. ವೇಗದ ಮುಳ್ಳು ಇದನ್ನು ನೇರವಾಗಿ ಹೇಳುವುದಿಲ್ಲ. ತಿರುವಿನಲ್ಲಿ ಎಳೆದು ಹಿಡಿದರೆ ಮುಳ್ಳು ಚೆನ್ನಾಗಿದ್ದಾಗಲೂ ರೆಕ್ಕೆ ಸೋಲುತ್ತದೆ. ಆ ಮೂತಿ ಮಾತ್ರ ಕೋನವನ್ನೇ ಅಳೆಯುತ್ತದೆ. ಅಳೆಯುವ ವಸ್ತುವಿನ ಮಾತು ಬಂದರೆ ಅಕ್ಕನ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಮೇಷ್ಟ್ರ ಪಕ್ಕದಲ್ಲಿ ಕೂತು, ಎತ್ತರಕ್ಕೆ ಹೋಗಿ, ಹತ್ತು ಸಲ ಸ್ಟಾಲ್ ಮಾಡಿಸಿ, ಹತ್ತು ಸಲವೂ ಗುರುತು ಹಾಕಿ, ಸರಿಯಾದ ಜಾಗದಲ್ಲಿ ಎಚ್ಚರಿಕೆ ಕೂಗುವಂತೆ ಕೂರಿಸಿ ಸೀಲು ಒತ್ತಿದ್ದಳು.

ಕೂಗುವ ದನಿಯೂ ಅವಳದೇ. ಪೆಟ್ಟಿಗೆಯಲ್ಲಿ ನಮಗೆ ಬೇಕಾದ ದನಿ ತುಂಬಿಸುವ ಸೌಕರ್ಯವಿತ್ತು. "ನೀನೇ ಹೇಳಕ್ಕಾ, ನಾನು ಹೆದರೋದು ನಿನ್ನ ಬಾಯಿಗೆ ಒಂದೇ" ಎಂದು ನಗುತ್ತಾ ಮೈಕು ಹಿಡಿದವನು ತಮ್ಮ. ಅವಳು ಹೇಳಿದ್ದು ಎರಡೇ ಮಾತು: "ಮೂಗು ಇಳಿಸು!"

ಪೆಟ್ಟಿಗೆ ಆಮೇಲೆ ಅವನನ್ನು ಸುಮ್ಮನೆ ಬಿಡಲಿಲ್ಲ. ಅವನು ಇಳಿಯುವಾಗಲೆಲ್ಲ ತೀರಾ ನಿಧಾನವಾಗಿ, ಮೂಗು ಎತ್ತಿಕೊಂಡು, ಕೊನೆಯ ತಿರುವನ್ನು ಹಿಂಡಿ ಹಿಂಡಿ ಬರುತ್ತಿದ್ದ. ಪ್ರತಿ ಸಲ ಅಕ್ಕನ ದನಿ ಕೂಗುತ್ತಿತ್ತು. ಅದೇ ಹೊತ್ತಿಗೆ ಅವನು ರೇಡಿಯೋ ಒತ್ತಿ ತಿರುವು ತಿಳಿಸಬೇಕು. ಹಾಗಾಗಿ ಮೈದಾನದಲ್ಲಿದ್ದ ಅಷ್ಟೂ ಜನರ ರೇಡಿಯೋದಲ್ಲಿ ಅವನ ಗಂಭೀರ ಮಾತಿನ ಹಿಂದೆ "ಮೂಗು ಇಳಿಸು! ಮೂಗು ಇಳಿಸು!" ಬಿತ್ತರವಾಗುತ್ತಿತ್ತು. ಬೆಂಚಿನ ಮೇಲೆ ಕೂತವರು ಬಿದ್ದು ಬಿದ್ದು ನಕ್ಕರು. ಬಂದರಪ್ಪಾ ಅಕ್ಕನ ತಮ್ಮ ಎಂದರು. ಪೆಟ್ಟಿಗೆ ಸರಿಯಾಗಿದೆ, ನೀನು ಬರೋದೇ ಸರಿಯಿಲ್ಲ ಎಂದು ಮೇಷ್ಟ್ರು ನಾಲ್ಕು ಸಲ ಹೇಳಿದರು. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು.

ನಿನ್ನೆ ಶನಿವಾರ ಅಕ್ಕ ಬೇರೆ ಊರಿನ ತಪಾಸಣೆಗೆ ಹೋಗಿದ್ದಳು. ಸಂಜೆ ತಮ್ಮ ಫೋನ್ ಮಾಡಿದ್ದ. "ಹೂವಿನ ಥರ ಇಳಿಸಿದೆ ಕಣಕ್ಕಾ. ನಿನ್ನ ಪೆಟ್ಟಿಗೆ ತುಟಿ ಪಿಟಕ್ ಅನ್ನಲಿಲ್ಲ."

ಅವಳು ಅದನ್ನು ನಂಬಿ ಸಂತೋಷಪಟ್ಟಿದ್ದಳು. ಅದು ನೆನಪಾಗಿ ಅವಳಿಗೆ ಈಗ ಮೈಯೆಲ್ಲ ಉರಿಯಿತು.

ತಮ್ಮ ಪೆಟ್ರೋಲ್ ಕ್ಯಾನು ಹಿಡಿದು ಶಿಳ್ಳೆ ಹಾಕುತ್ತಾ ಬಂದ. ನಲವತ್ತಾರು ವರ್ಷದ ಗಂಡಸು, ಹೊಸ ಟೋಪಿ.

"ಎಲ್ಲಾ ಸರಿಯಿದೆಯಾ ಇನ್‌ಸ್ಪೆಕ್ಟ್ರೇ?"

ಅವಳು ರೆಕ್ಕೆಯ ಕೆಳಗೆ ಬೆರಳು ತೋರಿಸಿದಳು. ಅವನು ಬಗ್ಗಿ ನೋಡಲೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನ ಕೈ ತನ್ನಷ್ಟಕ್ಕೆ ಸ್ಪ್ಯಾನರ್ ಇದ್ದ ಜೇಬಿನ ಮೇಲೆ ಹೋಯಿತು.

"ಸೀಲು ಮುಟ್ಟಿಲ್ಲ ಅಕ್ಕಾ."

"ಅದೇ ನನಗೆ ಹೊಟ್ಟೆ ಉರೀತಿರೋದು! ಸೀಲು ಮುರಿದಿದ್ರೆ ಬೈದು ಬಿಟ್ಬಿಡ್ತಿದ್ದೆ. ನೀನು ತಕ್ಕಡಿ ಕಾಲಿನ ಕೆಳಗೆ ಬಿಲ್ಲೆ ಇಟ್ಟಿದೀಯ. ನಾನು ಇಷ್ಟು ವರ್ಷ ಮನೆಗೆ ಬಂದು ಹೇಳಿದ ಕಳ್ಳರ ಕಥೆನೆಲ್ಲಾ ನೀನು ಪಾಠ ಅಂತ ಕಲ್ತೆ, ಅಲ್ವಾ?"

"ಅದು ಸುಮ್ಮಸುಮ್ನೆ ಕಿರುಚತ್ತೆ. ಮೂತಿನ ಎರಡು ಡಿಗ್ರಿ ಇಳಿಸಿದೀನಿ, ಸ್ವಲ್ಪ ತಡವಾಗಿ ಕೂಗತ್ತೆ, ಅಷ್ಟೇ. ಅಮ್ಮ ಮೊದಲನೇ ಸಲ ಕೂರೋದು, ಗಾಬರಿ ಆಗಲ್ವಾ?"

"ಕಳೆದ ವರ್ಷ ಒಂದು ಆಫೀಸಲ್ಲಿ ಲಿಫ್ಟಿನ ಓವರ್‌ಲೋಡ್ ಗಂಟೆ ಕಿರಿಕಿರಿ ಅಂತ ಯಾರೋ ತಂತಿ ಕಿತ್ತಿದ್ರಲ್ಲ, ಅವರ ಬಗ್ಗೆ ಊಟಕ್ಕೆ ಕೂತು ನೀನು ಏನಂದೆ? ಹೇಳು. ಅಮ್ಮ ಇದ್ದಾಳೆ ಅಂತ ಸಂಕೋಚ ಬೇಡ, ಅವತ್ತೂ ಇದ್ದಳು."

ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವತ್ತು ಅಂದದ್ದು ಮುದ್ರಿಸುವಂಥ ಮಾತಾಗಿರಲಿಲ್ಲ.

"ಲಿಫ್ಟೇ ಬೇರೆ, ಇದೇ ಬೇರೆ."

"ಹೌದು. ಲಿಫ್ಟಿಗೆ ಹಗ್ಗ ಇದೆ."

ಗಲಾಟೆ ಕೇಳಿ ಮೇಷ್ಟ್ರು ಪಕ್ಕದ ಶೆಡ್ಡಿನಿಂದ ಬಂದರು. ಬಗ್ಗಿ, ಕನ್ನಡಕ ಹಣೆಗೇರಿಸಿ, ವಾಷರ್ ನೋಡಿದರು. ಎದ್ದು ನಿಂತಾಗ ಅವರ ಮುಖದಲ್ಲಿ ಎಂದಿನ ನಗು ಇರಲಿಲ್ಲ. ಬಿಚ್ಚಿ ಹಾಕು ಎಂದರು.

"ಈಗಲೇ ಬೇಡ" ಎಂದಳು ಅಕ್ಕ. "ಬಿಚ್ಚಿದ್ರೆ ಇವನು ಅಕ್ಕನ ಹಟಕ್ಕೆ ಬಿಚ್ಚಿದೆ ಅಂತಾನೆ. ಇದು ಹೀಗೇ ಇರಲಿ. ನಾನೂ ಇವನೂ ಮೇಲೆ ಹೋಗ್ತೀವಿ. ಎತ್ತರದಲ್ಲಿ, ಇವನು ದಿನಾ ಇಳಿಯೋ ಥರಾನೇ ಒಂದು ತಿರುವು ಹಾಕ್ಲಿ. ಏನಾಗತ್ತೋ ಕಣ್ಣಾರೆ ನೋಡ್ಲಿ."

ಮೇಷ್ಟ್ರು ಕನ್ನಡಕ ಇಳಿಸಿಕೊಂಡರು. "ನಾಲ್ಕು ಸಾವಿರ ಅಡಿಗಿಂತ ಒಂದಡಿ ಕೆಳಗೂ ಶುರುಮಾಡಬೇಡ" ಎಂದು ತಮ್ಮನಿಗೆ ಹೇಳಿ ಕೈರೇಡಿಯೋ ತರಲು ಹೋದರು.

ಅಮ್ಮ ಕುರ್ಚಿಯಿಂದಲೇ ಕೇಳಿದಳು. "ಏನೇ ಅದು ಬೆಳಗ್ಗೆ ಬೆಳಗ್ಗೆ? ದೊಡ್ಡವಳು ನೀನು, ಸ್ವಲ್ಪ ಸುಮ್ನಿರಬಾರದಾ?"

ಈ ಮಾತನ್ನು ಅಕ್ಕ ಐದನೇ ವಯಸ್ಸಿನಿಂದ ಕೇಳಿದ್ದಳು. ತಮ್ಮ ಗಾಜು ಒಡೆದಾಗ, ತಮ್ಮ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗ, ತಮ್ಮ ಮೋಟಾರ್‌ಸೈಕಲ್ಲನ್ನು ಗೋಡೆಗೆ ಗುದ್ದಿದಾಗ, ತಪ್ಪು ಯಾರದೇ ಇರಲಿ, ಸುಮ್ಮನಿರಬೇಕಾದವಳು ಅವಳು. ಇವತ್ತು ಅವಳು ಸುಮ್ಮನಿದ್ದಳು. ಹೆಲ್ಮೆಟ್ಟಿನಂಥ ಹೆಡ್‌ಸೆಟ್ ಹಾಕಿಕೊಂಡು, ಅಮ್ಮನಿಗೆಂದು ಹೊಲಿದ ದಿಂಬಿನ ಮೇಲೆ ಕೂತು, ಬೆಲ್ಟ್ ಬಿಗಿದುಕೊಂಡಳು.

ನಾಲ್ಕು ಸಾವಿರದ ಇನ್ನೂರು ಅಡಿ. ಕೆಳಗೆ ರಸ್ತೆ ದಾರದಷ್ಟು ಸಣ್ಣದಾಗಿತ್ತು.

"ಇದೇ ನೆಲ ಅನ್ಕೋ" ಎಂದಳು. "ಬೆಂಚಿನ ಮೇಲೆ ನಗೋರು ಕೂತಿದಾರೆ. ರನ್‌ವೇ ಎಡಗಡೆ. ನಿನ್ನ ತಿರುವು ಹಾಕು."

ಅವನು ಎಂಜಿನ್ ತಗ್ಗಿಸಿದ. ಎಡಕ್ಕೆ ವಾಲಿಸಿದ. ತಿರುವು ಸಾಲದು ಎನ್ನಿಸಿದಾಗ ಎಂದಿನ ಅಭ್ಯಾಸದಂತೆ ಮೂಗು ಎತ್ತುವ ಕೋಲನ್ನು ಸ್ವಲ್ಪ ಎಳೆದ, ಇನ್ನಷ್ಟು ಎಳೆದ. ಹೆಡ್‌ಸೆಟ್ಟಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಪೆಟ್ಟಿಗೆಯ ದೀಪ ಹಸಿರಾಗಿಯೇ ಇತ್ತು. ಅವನು ಅವಳ ಕಡೆ ಓರೆಗಣ್ಣಿನಲ್ಲಿ ನೋಡಿದ. ನೋಡಿದೆಯಾ, ಏನೂ ಆಗಲಿಲ್ಲ ಎನ್ನುವ ನೋಟ.

ಎಡರೆಕ್ಕೆ ಕೈಬಿಟ್ಟಿತು.

ಬಾಗಿಲು ಕಿತ್ತುಬಿದ್ದ ಹಾಗೆ ಅವಳ ಪಕ್ಕದ ಜಗತ್ತು ಮಗುಚಿತು. ಆಕಾಶವಿದ್ದ ಕಡೆ ಹೊಲ ಬಂತು. ಬೆಲ್ಟ್ ಅವಳ ಹೆಗಲನ್ನು ಕೊಯ್ಯಿತು. ಆಗ, ಬೀಳುವುದು ಶುರುವಾದ ಮೇಲೆ, ಅವಳ ಕಿವಿಯಲ್ಲಿ ಅವಳದೇ ದನಿ ಕೂಗಿತು. "ಮೂಗು ಇಳಿಸು! ಮೂಗು ಇಳಿಸು!" ಮೂಗು ಆಗಲೇ ನೆಲ ನೋಡುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತನ್ನ ದನಿಯನ್ನು ಇಷ್ಟು ಕೆಲಸಕ್ಕೆ ಬಾರದ್ದಾಗಿ ಅವಳು ಎಂದೂ ಕೇಳಿರಲಿಲ್ಲ.

ತಮ್ಮ ಕೋಲು ಮುಂದಕ್ಕೆ ತಳ್ಳಿ, ಬಲಗಾಲು ಒತ್ತಿ, ಮೇಷ್ಟ್ರು ಕಲಿಸಿದ್ದನ್ನೆಲ್ಲ ಮಾಡಿದ. ವಿಮಾನ ಸುಧಾರಿಸಿಕೊಂಡಿತು. ಅವನ ಹಣೆಯ ಬೆವರು ಟೋಪಿಯ ಅಂಚಿಗೆ ಇಳಿದಿತ್ತು.

"ಎಷ್ಟು ಕಳ್ಕೊಂಡೆ?" ಎಂದಳು.

ಅವನು ಎತ್ತರದ ಮುಳ್ಳು ನೋಡಿದ. "ಆರುನೂರು ಅಡಿ."

"ಇಳಿಯೋವಾಗ ಆ ತಿರುವಲ್ಲಿ ಎಷ್ಟು ಎತ್ತರ ಇರ್ತೀಯ?"

ಅವನು ಎತ್ತರದ ಮುಳ್ಳಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿದ.

"ಬಾಯಿ ಬಿಟ್ಟು ಹೇಳು."

"ನಾನೂರು."

ಇಳಿಯುವ ತನಕ ಅವನು ತಿರುವುಗಳನ್ನು ಊರಗಲ ಹಾಕಿದ.

ಎಂಜಿನ್ ನಿಂತ ಮೇಲೂ ಇಬ್ಬರೂ ಸೀಟಿನಲ್ಲೇ ಕೂತಿದ್ದರು. ತಮ್ಮ ಮುಂದಿನ ಗಾಜನ್ನೇ ನೋಡುತ್ತಾ, ಮೆಲ್ಲಗೆ, ಮಗ್ಗಿ ಒಪ್ಪಿಸುವವನ ಹಾಗೆ ಹೇಳಿದ. "ಜನ ನಗ್ತಾರೆ ಅಂತ ನಾನು ಇದನ್ನ ಮಾಡ್ತಿರಲಿಲ್ಲ ಅಕ್ಕಾ. ಅಮ್ಮ ಹೇಳಿದ್ಲು."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಅರ್ಧ ಶತಮಾನ ಸಮೀಪಿಸಿದರೂ ಇವನು ಅಮ್ಮನ ಸೆರಗಿನ ಹಿಂದೆ ಅಡಗುವುದನ್ನು ಬಿಟ್ಟಿಲ್ಲ. ಬಾಗಿಲು ತೆರೆದು ಇಳಿದು ನೇರ ಕುರ್ಚಿಯ ಮುಂದೆ ಹೋಗಿ ನಿಂತಳು.

"ಅಮ್ಮಾ, ನೀನು ಇವನಿಗೆ ಏನು ಹೇಳ್ದೆ?"

ಅಮ್ಮ ಮುಚ್ಚಿಡಲಿಲ್ಲ. "ಹೌದು, ಹೇಳ್ದೆ. ನಾನು ಆಕಾಶಕ್ಕೆ ಹೋಗೋದು ಒಂದೇ ಸಲ. ಅಲ್ಲೂ ನೀನು ಅವನನ್ನ ಬೈಯೋದು ಕೇಳ್ಬೇಕಾ? ಅದೊಂದು ದಿನ ಅವಳ ಬಾಯಿ ಮುಚ್ಚಿಸೋ ಅಂದೆ. ತಪ್ಪೇನು?"

ಅಕ್ಕನ ಕೋಪದ ಅಡಿಯಲ್ಲಿ ಹಳೆಯ ನೋವೊಂದು ಕದಲಿತು, ಅದಕ್ಕೂ ಸೇರಿಸಿ ಅವಳಿಗೆ ಕೋಪ ಬಂತು. ಒಂಬತ್ತು ವರ್ಷ ಉಗುರು ಕಪ್ಪು ಮಾಡಿಕೊಂಡು ಕಟ್ಟಿದ ವಿಮಾನದಲ್ಲಿ ಅವಳದು ಎಂದು ಇದ್ದದ್ದು ಆ ಎರಡು ಮಾತು. ಅಷ್ಟೂ ಇವರಿಗೆ ಜಾಸ್ತಿಯಾಗಿತ್ತು.

ರೆಕ್ಕೆಯ ಕಡೆ ಹೋದಳು. ಸ್ಪ್ಯಾನರ್ ಹಿಡಿದು ಮುಂದಿನ ಬೋಲ್ಟ್ ಬಿಚ್ಚಿದಳು. ಎರಡು ವಾಷರ್ ತಂದು ಅಮ್ಮನ ಅಂಗೈ ಎಳೆದು ಅದರ ಮೇಲಿಟ್ಟಳು.

"ನನ್ನ ಬಾಯಿ ಮುಚ್ಚಿಸಿದ್ದು ಇದು. ಇವತ್ತು ನೀನು ಹತ್ತಿದ್ದಿದ್ರೆ ಮೂಗು ಇಳಿಸು ಅಂತ ನಾನು ಹೇಳ್ತಿದ್ದೆ. ಬಿದ್ದ ಮೇಲೆ ಹೇಳ್ತಿದ್ದೆ."

ಅಮ್ಮ ವಾಷರನ್ನು ಕನ್ನಡಕದ ಹತ್ತಿರ ತಂದು ನೋಡಿದಳು. ಉಂಗುರದಷ್ಟು ದೊಡ್ಡದೂ ಇಲ್ಲ. "ಇಷ್ಟಕ್ಕೆ ನಾನು ಸಾಯ್ತಿದ್ನಾ?"

"ನೀನೊಬ್ಬಳೇ ಅಲ್ಲ. ಅವನೂ."

ಆಗ ಅಮ್ಮನ ಮುಖ ಬಿಳಿಚಿತು. ಅವನೂ ಎಂದ ಮೇಲೆಯೇ ಬಿಳಿಚಿತು ಎಂಬುದು ಅಕ್ಕನ ಕಣ್ಣಿಗೆ ಬಿತ್ತು, ಬೀಳದೆ ಇರಲು ಅವಳೇನು ಕುರುಡಿಯೇ? ಅಮ್ಮ ಮಗನ ಕಡೆ ನೋಡಿದಳು. ಮಗ ತಲೆ ಎತ್ತಲಿಲ್ಲ. ಅಮ್ಮ ಕೈಚೀಲದ ಜಿಪ್ಪೆಳೆದು, ವಾಷರ್ ಎರಡನ್ನೂ ಒಳಗೆ ಹಾಕಿ, ಜಿಪ್ ಮುಚ್ಚಿದಳು.

"ಇನ್ನು ಇವು ನಿಮಗೆ ಸಿಗಲ್ಲ" ಎಂದಳು.

ಅಕ್ಕ ಪಟ್ಟಿಯನ್ನು ಹಳೆಯ ಗೆರೆಗೆ ಸರಿಯಾಗಿ ಕೂರಿಸಿ ಬಿಗಿದಳು. ಈ ಸಲ ಎರಡೂ ಬೋಲ್ಟಿನ ತಲೆಗೆ ತಂತಿ ಪೋಣಿಸಿ ಅಲ್ಲೂ ಸೀಲು ಒತ್ತಿದಳು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದು ತಮ್ಮನಿಗೆ ಕೇಳುವಂತೆ ಗೊಣಗಿದಳು. ಮೇಷ್ಟ್ರು ತಮ್ಮನನ್ನು ಕರೆದುಕೊಂಡು ಹೋಗಿ, ಎತ್ತರದಲ್ಲಿ ಮೂರು ಸಲ ಪರೀಕ್ಷಿಸಿ ಬಂದು, ಮೂರು ಸಲವೂ ರೆಕ್ಕೆ ಸೋಲುವುದಕ್ಕೆ ಬಹಳ ಮುಂಚೆ ಕೂಗಿತು ಎಂದರು. ಇಳಿಯುವ ತಿರುವನ್ನೂ ನಾಲ್ಕು ಸಲ ಹಾಕಿಸಿದ್ದರು.

"ಅಮ್ಮಾ, ಇವತ್ತು ಬೇಡ ಅಂದ್ರೆ ಬೇಡ" ಎಂದ ತಮ್ಮ.

"ಸ್ಕಾರ್ಫ್ ಕಟ್ಕೊಂಡು ಎರಡು ಗಂಟೆ ಆಯ್ತು" ಎಂದು ಅಮ್ಮ ಎದ್ದಳು.

ಅವರು ಹೋದ ಇಪ್ಪತ್ತು ನಿಮಿಷ ಅಕ್ಕ ಕೂರಲಿಲ್ಲ. ಮೇಷ್ಟ್ರ ಕೈಯಿಂದ ರೇಡಿಯೋ ಕಸಿದುಕೊಂಡು ಬೇಲಿಯ ಪಕ್ಕ ನಿಂತಿದ್ದಳು. ವಿಮಾನ ವಾಪಸು ಬಂತು, ಮೈದಾನದ ಪಕ್ಕದಲ್ಲಿ ಹಾದು ತಿರುಗಲು ಶುರುಮಾಡಿತು. ಕೊನೆಯ ತಿರುವು. ರೇಡಿಯೋ ಕರಕರ ಎಂದಿತು. ತಮ್ಮನ ಮಾತಿನ ಹಿಂದೆ ಅವಳ ದನಿ: "ಮೂಗು ಇಳಿಸು!" ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ತಿರುಗಿ ನೋಡಿದ ನೋಟಕ್ಕೆ ಆ ನಗು ಅಲ್ಲೇ ಒಣಗಿತು. ಮೇಲೆ, ವಿಮಾನದ ಮೂಗು ಇಳಿಯಿತು. ಸ್ಪಷ್ಟವಾಗಿ, ನೆಲದಿಂದಲೇ ಕಾಣುವಷ್ಟು. ಚಕ್ರಗಳು ಒಂದು ಸಲ ಪುಟಿದು ಓಡಿದವು. ಹೂವಿನ ಹಾಗೇನೂ ಇಳಿಯಲಿಲ್ಲ.

ಬಾಗಿಲು ತೆರೆದಾಗ ಅಮ್ಮನ ಸ್ಕಾರ್ಫ್ ಒಂದು ಕಿವಿಗೆ ಜಾರಿತ್ತು, ಕಣ್ಣು ಹೊಳೆಯುತ್ತಿತ್ತು. ಅಕ್ಕ ಕೈ ಕೊಟ್ಟು ಇಳಿಸಿಕೊಂಡಳು.

"ಎರಡು ಸಲ ಕೂಗ್ದೆ ಕಣೆ ನೀನು."

"ರೇಡಿಯೋದಲ್ಲಿ ಒಂದೇ ಕೇಳಿಸ್ತು."

"ಮೊದಲನೇದು ಅದಕ್ಕೂ ಮುಂಚೆ. ಇವನು ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ." ಅಮ್ಮ ಸ್ಕಾರ್ಫ್ ಸರಿಮಾಡಿಕೊಂಡಳು. "ತೊಡೆಗೆ ಒಂದು ಏಟು ಹಾಕ್ದೆ. ಅಕ್ಕ ಹೇಳ್ತಿರೋದು ಕೇಳಿಸ್ತಿಲ್ವೇನೋ ಅಂದೆ. ಆಮೇಲೆ ಇಳಿಸ್ದ."

ಅಕ್ಕ ಅಮ್ಮನ ಕೈ ಬಿಡಲಿಲ್ಲ. ಹಾಗೆಯೇ ತಮ್ಮನ ಕಡೆ ತಿರುಗಿದಳು. ಕೋಪ ಇಳಿದಿರಲಿಲ್ಲ, ಇಳಿಸುವ ಇರಾದೆಯೂ ಅವಳಿಗಿರಲಿಲ್ಲ.

"ಮೊದಲನೇ ಸಲಕ್ಕೇ ಯಾಕೆ ಇಳಿಸಲಿಲ್ಲ? ಎರಡನೇದಕ್ಕೆ ಯಾಕೆ ಕಾದೆ? ಆಕಾಶ ನಿಂಗೆ ಎಷ್ಟು ಸಲ ಅವಕಾಶ ಕೊಡತ್ತೆ ಅನ್ಕೊಂಡಿದೀಯ?" ಎಂದು ಇಡೀ ಮೈದಾನಕ್ಕೆ ಕೇಳುವ ಹಾಗೆ ಶುರುಮಾಡಿದಳು.

ತಮ್ಮ ಅಮ್ಮನ ಮುಖ ನೋಡಿದ. ಅಮ್ಮ ಅವಳಿಗೆ ಸುಮ್ಮನಿರು ಎನ್ನಲಿಲ್ಲ.